ಕುಂಕುಮ ಹಚ್ಚಿಸಿಕೊಂಡ ಗೋಣಿತಾಟುಗಳು

ಮರವಜ್ರ ಕುದಿಯುವ ವಾಸನೆಯನ್ನು ಮೂಸದವರ ಜೊತೆ ನಾನು ಕಲೆಯ ವಿಷಯ ಮಾತಾಡುವುದೇ ಇಲ್ಲ. ಬಡಗಿಗಳು ಮರಕ್ಕೆ ಮರ ಅಂಟಿಸಲು ಬಳಸುವ ಕಂದು ಬಿಲ್ಲೆಗಳು ಅವು. ಹಿಂದಿನ ದಿನವೇ ನೀರಲ್ಲಿ ನೆನೆಹಾಕಿ, ಮಾರನೆಯ ಬೆಳಿಗ್ಗೆ ಸಣ್ಣ ಉರಿಯಲ್ಲಿ ಕರಗಿಸಬೇಕು. ಕರಗುತ್ತಿದ್ದ ಹಾಗೆ, ಸತ್ತು ಮೂರು ದಿನವಾದ ಇಲಿಯೊಂದು ಎದ್ದು ಕೂತು ಆಕಳಿಸಿದಂಥ ವಾಸನೆ ಏಳುತ್ತದೆ. ನಾನು ಅದನ್ನು ನಮ್ಮಮ್ಮನ ಸಾರಿನ ಪಾತ್ರೆಯಲ್ಲಿ, ಅವರಿಗೆ ಹೇಳದೆ ಕುದಿಸಿದೆ. ಆಮೇಲೆ ಆ ಪಾತ್ರೆಯಲ್ಲಿ ಮಾಡಿದ ಸಾರನ್ನು ಎದುರು ಮನೆಯ ನಾಯಿ ಒಂದು ಸಲ ಮೂಸಿ, ಬಾಲ ಕಾಲ ಸಂದಿಗೆ ಸೇರಿಸಿಕೊಂಡು, ಹಾಸನವನ್ನೇ ಬಿಟ್ಟು ಹೋಯಿತು.

ಅಂಟು ಕುದಿಸಿದ್ದು ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಿಗಾಗಿ. ಅವರದು ಖಾಯಂ ಆಗದ ಕೆಲಸ. ಪರೀಕ್ಷೆಗೆ ಮುಂಚೆ ಶಾಲೆ ನೋಡಲು ಬಂದ ಇನ್‌ಸ್ಪೆಕ್ಟರ್ ಸಾಹೇಬರು ನಮ್ಮ ಡ್ರಾಯಿಂಗ್ ತರಗತಿಯ ಗೋಡೆ ನೋಡಿ, ಇದರಿಂದ ಯಾರಿಗೆ ಏನು ಪ್ರಯೋಜನ, ಜೂನ್‌ನಿಂದ ಈ ಹುದ್ದೆ ಬೇಡ ಅಂತ ಬರೆಯುತ್ತೇನೆ ಎಂದರು. ಮೇಷ್ಟ್ರು ಯಾವತ್ತೂ ಎದುರು ಮಾತಾಡುವವರಲ್ಲ. ಅವತ್ತು ಮಾತಾಡಿದರು. ಬೇಸಿಗೆ ರಜದಲ್ಲಿ ಹೊಸ ರೀತಿಯ ಚಿತ್ರಗಳನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಕ್ಕೆ ಹೊತ್ತುಕೊಂಡು ಹೋಗಿ ತೋರಿಸುತ್ತೇನೆ, ಜನ ಏನಂತಾರೋ ನೋಡಿ ಆಮೇಲೆ ತೀರ್ಮಾನ ಮಾಡಿ ಎಂದರು. ಸಾಹೇಬರು ಒಪ್ಪಿದರು. ಒಂದು ಅಭಿಪ್ರಾಯ ಪುಸ್ತಕ ಇಡಬೇಕು, ಕೊನೆಯ ದಿನ ಚನ್ನರಾಯಪಟ್ಟಣಕ್ಕೆ ಅವರೇ ಬಂದು ಓದುತ್ತಾರೆ, ಚಿತ್ರ ನೋಡಿದ್ದರಿಂದ ಜನಕ್ಕೆ ಏನಾದರೂ ಆಯಿತು ಅಂತ ಅದರಲ್ಲಿ ಕಂಡರೆ ಹುದ್ದೆ ಉಳಿಯುತ್ತದೆ, ಕಾಣದಿದ್ದರೆ ಇಲ್ಲ. ಪುಟ ಕೀಳಬಾರದು ಅಂತ ಪುಸ್ತಕದ ಒಂದೊಂದು ಹಾಳೆಗೂ ನಂಬರು ಹಾಕಿ ಶಾಲೆಯ ಮೊಹರು ಒತ್ತಿಸಿ ಕೊಟ್ಟರು.

ನಾನು ನನ್ನನ್ನೇ ವ್ಯವಸ್ಥಾಪಕ ಕಾರ್ಯದರ್ಶಿಯಾಗಿ ನೇಮಿಸಿಕೊಂಡೆ. ಕಾರ್ಯದರ್ಶಿಗೆ ಮೊಹರು ಬೇಕಲ್ಲ, ಆಲೂಗಡ್ಡೆ ಅರ್ಧಕ್ಕೆ ಕೊಯ್ದು ಅದರಲ್ಲೇ ಕೆತ್ತಿದೆ. ನಾಲ್ಕೂ ಊರಿಗೆ ಕಾಗದ ಬರೆದು, ಹಾಲ್ ಕೇಳಿ, ತಮಟೆಯವರಿಗೆ ಹೇಳಿಸಿ, ಎಲ್ಲದರ ಕೆಳಗೂ ಮೊಹರು ಒತ್ತಿದೆ. ನಾಲ್ಕನೆಯ ದಿನ ಜೇಬಿಗೆ ಕೈ ಹಾಕಿದರೆ ಬೆರಳು ಪಚಕ್ಕನೆ ಒಳಗೆ ಹೋಯಿತು. ನನ್ನ ಅಧಿಕಾರ ಕೊಳೆತು ಪ್ಯಾಂಟಿನಲ್ಲಿ ನಾರುತ್ತಿತ್ತು.

ಚಿತ್ರ ಬರೆಯುವ ಬಟ್ಟೆಯೂ ಆಲೂಗಡ್ಡೆಯದೇ ಕೃಪೆ. ನಮ್ಮ ಮಾವನ ಆಲೂಗಡ್ಡೆ ಮಂಡಿಯಿಂದ ಹಳೇ ಗೋಣಿಚೀಲ ತಂದು, ಹೊಲಿಗೆ ಬಿಚ್ಚಿ, ಒಗೆದು, ಮರದ ಚೌಕಟ್ಟಿಗೆ ಮೊಳೆ ಹೊಡೆದು ಬಿಗಿದೆವು. ಒಗೆದ ನೀರಿನ ಬಣ್ಣವನ್ನು ನಾನು ವರ್ಣಿಸುವುದಿಲ್ಲ, ನೀವು ಊಟ ಮಾಡಿರಬಹುದು. ಬಿಗಿದ ತಾಟಿಗೆ ಎರಡು ಕೈ ಮರವಜ್ರ, ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಕಲಸಿದ ಬಿಳಿ ಬಣ್ಣ, ಅದರ ಮೇಲೆ ಚಿತ್ರ. ಒಂದು ಚೀಲಕ್ಕೆ ಒಂದು ಚಿತ್ರದಂತೆ ಇಪ್ಪತ್ತೆರಡಾದವು. ಹೆಚ್ಚಿನವು ಮೇಷ್ಟ್ರವು, ನಾಲ್ಕು ನನ್ನವು. ಕೆಚ್ಚಲು ಮುಂಗಾಲಿನ ಹತ್ತಿರ ಇರುವ ನೀಲಿ ಹಸು, ಎರಡು ಕಣ್ಣೂ ಒಂದೇ ಕಡೆ ಇರುವ ಹೆಂಗಸು, ಇವು ಮೇಷ್ಟ್ರವು. ಪ್ರಯಾಣಿಕರ ಬರೀ ಕಾಲುಗಳೇ ತುಂಬಿದ ಬಸ್ಸು ನನ್ನದು. ಮುಖ ಬರೆಯಲು ಬಾರದೆ ಕಾಲು ಬರೆದೆ ಅಂತ ಮೇಷ್ಟ್ರು ಅಂದಿದ್ದು ಹೊಟ್ಟೆಕಿಚ್ಚಿನಿಂದ.

ಎಡವಟ್ಟು ಶುರುವಾದದ್ದು ಕಟ್ಟು ಹಾಕಿಸಿದಾಗ. ಗೋಣಿಯ ಅಂಚು ಕಾಣಬಾರದು ಅಂತ ಪೇಟೆಬೀದಿಯ ಫೋಟೋ ಕಟ್ಟಿನವರಿಗೆ ಕೊಟ್ಟೆವು. ಅವರು ದೇವರ ಪಟಕ್ಕೆ ಹಾಕುವ ಚಿನ್ನದ ಬಣ್ಣದ ಹೂಬಳ್ಳಿಯ ಕಟ್ಟನ್ನೇ, ಗಾಜಿನ ಸಮೇತ, ಇಪ್ಪತ್ತೆರಡಕ್ಕೂ ಹಾಕಿ ತಂದಿಳಿಸಿದರು. ಪ್ರತಿ ಗಾಜಿನ ಮೇಲೂ ಕುಂಕುಮದ ಬೊಟ್ಟು, ಒಂದೊಂದು ಮೊಳ ಕನಕಾಂಬರ. ಅವರ ಅಂಗಡಿಯಿಂದ ಬೋಳು ಕಟ್ಟು ಹೊರಗೆ ಹೋಗುವ ಪದ್ಧತಿಯೇ ಇಲ್ಲವಂತೆ.

"ಇದ್ಯಾವ ದ್ಯಾವ್ರು ಸಾ?" ಎಂದರು, ನೀಲಿ ಹಸುವನ್ನು ತೋರಿಸಿ.

ಮೇಷ್ಟ್ರು, ಅದು ದೇವರಲ್ಲ ಹಸು ಎಂದರು.

"ಅಸು ಅಂದ್‌ಮ್ಯಾಕೆ ದ್ಯಾವ್ರಲ್ವಾ?" ಎಂದವರೇ ಕೊಂಬಿನ ನಡುವೆ ಇನ್ನೊಂದು ಬೊಟ್ಟಿಟ್ಟರು.

ಹಾಸನದಲ್ಲಿ ನಮ್ಮ ಶಾಲೆಯ ಹಾಲಿನಲ್ಲೇ ಮೂರು ದಿನ ಪ್ರದರ್ಶನ. ತಮಟೆ ಹೊಡೆಸಿದ್ದಕ್ಕೆ ಜನ ಬಂದರು, ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಎಡದಿಂದ ಬಲಕ್ಕೆ ಸುತ್ತಿದರು. ಒಂದೊಂದು ಚಿತ್ರದ ಮುಂದೆ ಕೈ ಮುಗಿದು, ಕಣ್ಣು ಮುಚ್ಚಿ, ಕೆನ್ನೆ ತಟ್ಟಿಕೊಂಡು ಮುಂದೆ ಹೋದರು. ನೋಡಲು ಬಂದವರು ಕಣ್ಣು ಮುಚ್ಚಿದ್ದೇ ಹೆಚ್ಚು. ನನ್ನ ಬಸ್ಸಿನ ಇಪ್ಪತ್ತೇಳು ಕೊಳಕು ಕಾಲುಗಳಿಗೂ ನಮಸ್ಕಾರ ಬಿತ್ತು. ಒಬ್ಬ ಮುದುಕರು ನನ್ನ ಮುಂದೆ ಅಂಗೈ ಬೊಗಸೆ ಮಾಡಿ ನಿಂತರು. ತೀರ್ಥ ಇಲ್ಲ ಅಂದೆ. ಎಂಥಾ ವ್ಯವಸ್ಥೆಯಪ್ಪಾ ನಿಮ್ಮದು ಅನ್ನುವ ಹಾಗೆ ನೋಡಿದರು.

ನಾನು ಬಾಗಿಲ ಬಳಿ ಅಭಿಪ್ರಾಯ ಪುಸ್ತಕ ಬಿಚ್ಚಿಟ್ಟು ಕೂತಿದ್ದೆ. ಎಲ್ಲರೂ ಸಾಲಾಗಿ ಬಂದು ಬರೆದರು. ನನಗೆ ಹಿಗ್ಗೋ ಹಿಗ್ಗು. ಸಂಜೆ ಮೇಷ್ಟ್ರು ತೆಗೆದು ನೋಡಿದರೆ ಮೂರು ಪುಟದ ತುಂಬ ಹೆಸರು, ಗೋತ್ರ, ನಕ್ಷತ್ರ, ರಾಶಿ. ಅರ್ಚನೆಗೆ ಬರೆಸಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದರು. ಪ್ರಯೋಜನ ಏನಾಯಿತು ಎಂದು ಕೇಳುವ ಇನ್‌ಸ್ಪೆಕ್ಟರಿಗೆ ನಾವು ಹಾಸನದ ಜನರ ಜಾತಕ ತೋರಿಸಬೇಕಾಗಿತ್ತು.

ಹೊಳೆನರಸೀಪುರಕ್ಕೆ ರೈಲಿನ ಸಾಮಾನು ಹಾಕುವ ಬ್ರೇಕ್‌ವ್ಯಾನಿನಲ್ಲಿ ಹೋದೆವು. ಗಾಜು ಒಡೆಯದಿರಲಿ ಅಂತ ಹುಲ್ಲು ಹಾಸಿ ಕಟ್ಟುಗಳನ್ನು ನಿಲ್ಲಿಸಿದ್ದೆವು. ಪಕ್ಕದಲ್ಲೇ ಯಾರದೋ ಕೋಳಿ ಬುಟ್ಟಿಗಳು. ಒಂದು ಹುಂಜ ದಾರಿಯುದ್ದಕ್ಕೂ ನನ್ನ ಬೆನ್ನನ್ನು ತನ್ನ ಕಕ್ಕಸು ಮಾಡಿಕೊಂಡಿತ್ತು. ಇಳಿದಾಗ ನನ್ನ ಅಂಗಿಯನ್ನೂ ಕಟ್ಟು ಹಾಕಿಸಿ ತೂಗುಹಾಕಬಹುದಿತ್ತು, ಮೇಷ್ಟ್ರ ಚಿತ್ರಗಳಿಗಿಂತ ಬಣ್ಣ ಹೊಂದಿಕೆ ಚೆನ್ನಾಗಿತ್ತು.

ಅಲ್ಲಿ ನಮಗೆ ಸಿಕ್ಕಿದ್ದು ಒಂದು ಛತ್ರ. ಅದರ ಗೋಡೆಗಳಿಗೆ ಸೊಂಟದೆತ್ತರದವರೆಗೆ ಎಲೆಅಡಿಕೆ ಉಗಿದ ಕೆಂಪು, ಅದರ ಮೇಲೆ ತಲೆಎಣ್ಣೆಯ ಕಪ್ಪು, ಅದರ ಮೇಲೆ ಬಾವಲಿಗಳ ಕೆಲಸ. ಛತ್ರ ನೋಡಿಕೊಳ್ಳುವ ಅಜ್ಜಿಯೊಬ್ಬರಿದ್ದರು. ನಾವು ಚಿತ್ರ ತೂಗುಹಾಕಿ ಕಾಫಿಗೆ ಹೋಗಿ ಬರುವಷ್ಟರಲ್ಲಿ ಇಪ್ಪತ್ತೆರಡಕ್ಕೂ ಅರಿಸಿನ, ಕುಂಕುಮ, ದಾಸವಾಳ. ನಾನು ಒರೆಸಲು ಹೋದರೆ ಕೈ ಹಿಡಿದುಕೊಂಡರು.

"ಬೋಳಾಗಿ ಬುಟ್ರೆ ಒಳ್ಳೇದಾಯ್ತದಾ ಮಗಾ? ನೀನು ಗಂಡ್ಸು, ನಿಂಗೇನ್ ಗೊತ್ತಾಯ್ತದೆ?"

ಎರಡನೆಯ ದಿನ ಎಣ್ಣೆದೀಪ ಬಂತು, ಮೂರನೆಯ ದಿನ ಕಟ್ಟಿನ ಅಂಚಿನ ಮೇಲೆ ಬಾಳೆಹಣ್ಣು ಬಂತು. ಬಾಳೆಹಣ್ಣಿಗೆ ಇರುವೆ ಬಂದವು, ನೊಣ ಬಂದವು. ಬಾಡಿದ ದಾಸವಾಳ ಲೋಳೆಯಾಗಿ ಗಾಜಿನ ಮೇಲೆ ಇಳಿಯಿತು. ಎರಡು ಕಣ್ಣು ಒಂದೇ ಕಡೆ ಇದ್ದ ಹೆಂಗಸು ಮೂಗು ಸೋರಿದ ಹಾಗೆ ಕಾಣುತ್ತಿದ್ದಳು. ನನಗಂತೂ ಮಧ್ಯಾಹ್ನದ ಮುದ್ದೆ ಗಂಟಲವರೆಗೆ ಬಂದು, ಯೋಚಿಸಿ, ವಾಪಸು ಹೋಗುತ್ತಿತ್ತು. ಪುಸ್ತಕದಲ್ಲಿ ಮಾತ್ರ ಒಂದಕ್ಷರ ಬೀಳಲಿಲ್ಲ. ದೇವರ ಮುಂದೆ ಅಭಿಪ್ರಾಯ ಹೇಳುವುದು ಉಂಟೆ ಅಂತ ಜನ ಹೆದರಿ ಜಾರಿಕೊಂಡರು.

ಮೇಷ್ಟ್ರು ಮಾತು ಕಡಿಮೆ ಮಾಡಿದರು. ಒಂದು ಸಲ ನನ್ನ ಹತ್ತಿರ, ಜೂನ್ ಆದ ಮೇಲೆ ಲಾರಿಗಳ ಹಿಂದೆ ಹೆಸರು ಬರೆಯುವ ಕೆಲಸ ಸಿಗಬಹುದೇನೋ ಎಂದರು, ತಮಾಷೆ ಅಲ್ಲದ ದನಿಯಲ್ಲಿ. ಆಗ ಕಾರ್ಯದರ್ಶಿಯಾದ ನಾನು ನನ್ನ ಕರ್ತವ್ಯ ಮಾಡಿದೆ. ಅವರು ಇಲ್ಲದಾಗ ಪುಸ್ತಕ ತೆಗೆದು, ಎಡಗೈಯಲ್ಲಿ, ಬಲಗೈಯಲ್ಲಿ, ಓರೆಯಾಗಿ, ನಡುಗಿಸಿ, ಒಟ್ಟು ಹದಿನಾಲ್ಕು ಅಭಿಪ್ರಾಯ ಬರೆದೆ. ಬರೆಯುತ್ತ ಬರೆಯುತ್ತ ಕೈ ಪಳಗಿತು. ಮೊದಲನೆಯವರು ಬರೀ 'ಸೊಗಸಾಗಿದೆ' ಅಂದಿದ್ದರು. ಹನ್ನೆರಡನೆಯವರು ಬಸ್ಸಿನ ಚಿತ್ರ ನೋಡಿ, ಬರೆದ ಹುಡುಗ ಎಂಥಾ ಪ್ರತಿಭಾವಂತ ಅಂತ ಕಣ್ಣೀರಿಟ್ಟರು. ಹದಿನಾಲ್ಕನೆಯವರಾದ ಒಬ್ಬ ಗೃಹಿಣಿಗೆ ನೀಲಿ ಹಸುವನ್ನು ನೋಡಿ ಹತ್ತು ವರ್ಷದ ಮಂಡಿನೋವು ವಾಸಿಯಾಯಿತು.

ಕೊನೆಯ ದಿನ ಮಧ್ಯಾಹ್ನ ಗಂಟುಮೂಟೆ ಕಟ್ಟುವಾಗ ಮೇಷ್ಟ್ರು ಪುಸ್ತಕ ತೆರೆದರು. ಬಹಳ ಹೊತ್ತು ಓದಿದರು.

"ಏನಯ್ಯಾ, ಈ ಮಂಡಿನೋವಿನವರು ಯಾವಾಗ ಬಂದಿದ್ದು?"

"ನೀವು ಕಾಫಿಗೆ ಹೋಗಿದ್ರಲ್ಲ ಸಾ, ಆಗ."

"ಕುಂಟ್ಕೊಂಡು ಬಂದ್ರಾ?"

"ಬರೋವಾಗ ಕುಂಟ್ತಾ ಬಂದ್ರು ಸಾ. ಹೋಗೋವಾಗ ಓಡ್ಕಂಡೇ ಹೋದ್ರು."

ಮೇಷ್ಟ್ರು ನಗಲಿಲ್ಲ. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವರು ಪೆನ್ನು ಕೊಟ್ಟು, ಹದಿನಾಲ್ಕರ ಕೆಳಗೂ 'ಇದು ನಾನು ಬರೆದ ಸುಳ್ಳು' ಅಂತ ಬರೆದು ನಿನ್ನ ಹೆಸರು ಹಾಕು ಎಂದರು. ಇದನ್ನು ಇನ್‌ಸ್ಪೆಕ್ಟರು ಓದಿದರೆ ನಿಮ್ಮ ಕೆಲಸದ ಗತಿ ಏನು ಸಾ ಅಂದೆ. ಸುಳ್ಳಿನ ಮೇಲೆ ಉಳಿದ ಕೆಲಸದಲ್ಲಿ ನಾನು ಮಕ್ಕಳಿಗೆ ಏನು ಕಲಿಸಲಿ ಎಂದರು. ಬರೆದೆ. ನನ್ನ ಹೆಸರು ಅಷ್ಟು ಅಸಹ್ಯವಾಗಿ ನನಗೆ ಯಾವತ್ತೂ ಕಂಡಿರಲಿಲ್ಲ.

ಅದೇ ಹೊತ್ತಿಗೆ ಅಜ್ಜಿ ಹಸುವಿನ ಗಾಜಿನ ಮೇಲಿನ ಹಳೇ ಕುಂಕುಮ ಕೆರೆದು ಹೊಸದು ಹಚ್ಚುತ್ತಿದ್ದರು, ಹೊರಡುವ ದೇವರಿಗೆ ಮರ್ಯಾದೆ. ಮೇಷ್ಟ್ರು ಅವರನ್ನೇ ನೋಡುತ್ತಾ ನಿಂತವರು, ಇದ್ದಕ್ಕಿದ್ದಂತೆ ಇಕ್ಕಳ ಕೇಳಿದರು. ಹಸುವನ್ನು ಕೆಳಗಿಳಿಸಿ, ಬೋರಲು ಹಾಕಿ, ಕಟ್ಟಿನ ಮೊಳೆ ಕೀಳತೊಡಗಿದರು. ಕಟ್ಟಿಲ್ಲದಿದ್ದರೆ ಮಾನ ಹೋಗುತ್ತೆ ಸಾ, ಗೋಣಿ ಕಾಣುತ್ತೆ ಅಂದೆ.

"ಕಟ್ಟು ಇರೋ ತನಕ ಜನ ಕೈ ಮುಗೀತಾರೆ ಕಣಯ್ಯಾ. ಕೈ ಮುಗಿದೋರು ನೋಡೋದಿಲ್ಲ."

ಗಾಜು ಎತ್ತಿದೆವು. ಅಲ್ಲಿಯವರೆಗೆ ಒಳಗೆ ಬಂಧನದಲ್ಲಿದ್ದ ಮರವಜ್ರದ ವಾಸನೆ ಬಿಡುಗಡೆಯಾಯಿತು. ಅದರ ಜೊತೆ ಸಂದಿಯಲ್ಲಿ ಇಳಿದಿದ್ದ ದೀಪದೆಣ್ಣೆ, ಬೂಷ್ಟು, ಬಾಳೆಹಣ್ಣಿನ ರಸ, ಅದರಲ್ಲಿ ಸಂಸಾರ ಹೂಡಿದ್ದ ಬಿಳಿ ಹುಳಗಳು. ಬಾವಲಿಗಳೂ ಜಾಗ ಬದಲಿಸಿದವು. ಅಜ್ಜಿ ಸೆರಗು ಮೂಗಿಗೆ ಹಿಡಿದು ಬಗ್ಗಿ ನೋಡಿದರು. ಅಂಚಿನಲ್ಲಿ ಮಾವನ ಮಂಡಿಯ ಗುರುತಿನ ಮಸಿ ಇನ್ನೂ ಇತ್ತು.

"ಅಯ್ಯೋ ಶಿವನೇ, ಗೋಣಿತಾಟಾ ಇದು? ಐದ್ ದಿನದಿಂದ ನಾನು ಗೋಣಿಗೆ ಊವ ಮುಡಿಸ್ತಿದ್ನಾ?"

ಹುಣಸೆಹಣ್ಣು ಹಾಕಿ ಕೈ ತಿಕ್ಕಿ ತೊಳೆದುಕೊಂಡು ಮತ್ತೆ ಬಂದರು. ಸೊಂಟದ ಮೇಲೆ ಕೈಯಿಟ್ಟು ನಿಂತರು. ಐದು ದಿನದಲ್ಲಿ ಮೊದಲ ಸಲ ಹಸುವನ್ನು ನೋಡಿದರು.

"ಅಲ್ಲ ಕಣಯ್ಯಾ, ಕೆಚ್ಚಲ ಮುಂದ್ಗಡೆ ಮಡಗಿದ್ದೀಯಲ್ಲ, ಕರ ಎಲ್ಲಿ ನಿಂತ್ಕಂಡು ಕುಡೀಬೇಕು? ಕೊಂಬಲ್ಲಿ ತಿವಿಸ್ಕಂಡು ಸಾಯ್ಬೇಕಾ?"

ಮೇಷ್ಟ್ರು ಅದನ್ನು ಒಂದಕ್ಷರ ಬಿಡದೆ ಪುಸ್ತಕದಲ್ಲಿ ಬರೆದುಕೊಂಡು, ಅಜ್ಜಿಯ ಹೆಬ್ಬೆಟ್ಟು ಒತ್ತಿಸಿದರು. ಮೇಷ್ಟ್ರ ಮುಖದಲ್ಲಿ ಅಂಥ ಸಂತೋಷ ನಾನು ನೋಡಿರಲಿಲ್ಲ, ನನ್ನ ಹದಿನಾಲ್ಕು ಹೊಗಳಿಕೆಗೂ ಅದು ಬಂದಿರಲಿಲ್ಲ. ಇಪ್ಪತ್ತೆರಡು ಕಟ್ಟುಗಳನ್ನು ಬಿಚ್ಚಿ ರೈಲಿಗೆ ಹಾಕಿ ಹಾಸನಕ್ಕೆ ವಾಪಸು ಕಳಿಸಿದೆವು.

ಅರಕಲಗೂಡಿಗೆ ಬಸ್ಸಿನ ಮೇಲೆ. ರಸ್ತೆಯಲ್ಲಿ ಮೈಲಿಗಲ್ಲು ಕಿತ್ತು ಕಿಲೋಮೀಟರ್ ಕಲ್ಲು ನೆಡುತ್ತಿದ್ದರು, ಊರು ದೂರವಾದ ಹಾಗೆ ಅನ್ನಿಸುತ್ತಿತ್ತು. ಅಲ್ಲಿ ವರ್ತಕರ ಒಂದು ಛತ್ರ ಕೊಟ್ಟಿದ್ದರು. ಅದು ಹೊಳೆನರಸೀಪುರದ್ದಕ್ಕೆ ತದ್ವಿರುದ್ಧ, ನೆಲ ಮುಖ ನೋಡಿಕೊಳ್ಳುವ ಹಾಗೆ ಸಾರಿಸಿ ತೊಳೆದದ್ದು. ಉಸ್ತುವಾರಿ ಒಬ್ಬ ಹಿರಿಯ ಯಜಮಾನರದು, ಹಣೆಯಲ್ಲಿ ಮೂರು ಗೆರೆ ವಿಭೂತಿ, ಹೆಗಲಿಗೆ ಶುಭ್ರ ವಲ್ಲಿ. ಕಟ್ಟಿಲ್ಲದ ಚಿತ್ರಗಳ ಮುಂದೆ ಜನ ನಿಜವಾಗಿ ನಿಂತರು. ಹತ್ತಿರ ಹೋಗಿ ಬೆರಳಲ್ಲಿ ಕೆರೆದರು, ಜಗಳವಾಡಿದರು. ಎಲ್ಲ ಸರಿಹೋಗುತ್ತಿದೆ ಅನ್ನುವಾಗ ಯಜಮಾನರು ತಾಟು ತಟ್ಟಿ ನೋಡಿ, ಇಷ್ಟು ಬಿಗಿಯಾಗಿ ನಿಂತಿದೆಯಲ್ಲ, ಎಂಥಾ ಅಂಟಪ್ಪಾ, ಮೈದಾ ಹಿಟ್ಟಾ ಎಂದು ವಿಚಾರಿಸಿದರು.

ಮೈದಾ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಸುತ್ತ ಮೂವತ್ತು ಜನ ನನ್ನನ್ನೇ ನೋಡುತ್ತಿದ್ದರು, ಅಂಥ ಹೊತ್ತಲ್ಲಿ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಮೈದಾ ಎಲ್ಲಿಯ ಲೆಕ್ಕ ಎಂದು ಶುರುಮಾಡಿ, ಚರ್ಮ, ಮೂಳೆ, ಗೊರಸುಗಳನ್ನು ಹೇಗೆ ಬೇಯಿಸುತ್ತಾರೆ, ಮೇಲೆ ತೇಲುವ ಜಿಡ್ಡನ್ನು ಹೇಗೆ ತೆಗೆಯುತ್ತಾರೆ, ಉಳಿದ ಲೋಳೆ ಹೇಗೆ ಹೆಪ್ಪುಗಟ್ಟುತ್ತದೆ ಅಂತ, ಕೈ ಸನ್ನೆ ಸಮೇತ, ನಾನೇ ಕಣ್ಣಾರೆ ಕಂಡವನ ಹಾಗೆ ವಿವರಿಸಿದೆ. ಕಂಡಿರಲಿಲ್ಲ. ಯಜಮಾನರು ತಾಟು ಮುಟ್ಟಿದ ಕೈಯನ್ನು ಮೈಯಿಂದ ದೂರ ಹಿಡಿದು ನಿಂತಿದ್ದರು.

"ಎತ್ತಪ್ಪಾ," ಎಂದರು ಮೆತ್ತಗೆ. "ಈಗ್ಲೇ ಎತ್ತು."

ಹತ್ತು ನಿಮಿಷದಲ್ಲಿ ನಾವು ಬೀದಿಯಲ್ಲಿದ್ದೆವು. ಹಿಂದೆ ಸಗಣಿನೀರು ಹಾಕಿ ತೊಳೆಯುವ ಸದ್ದು. ಮೇಷ್ಟ್ರು ನನ್ನನ್ನು ಬೈಯಲಿಲ್ಲ, ಆ ಅಭ್ಯಾಸವೇ ಅವರಿಗಿಲ್ಲ, ಅದೇ ದೊಡ್ಡ ಶಿಕ್ಷೆ. ಮಾರನೆಯ ದಿನ ಸಂತೆ. ನಾನೇ ಹೋಗಿ ಗಾಡಿಯವರ ಕಾಲು ಹಿಡಿದು, ಎತ್ತು ಬಿಚ್ಚಿ ನಿಲ್ಲಿಸಿದ ಗಾಡಿಗಳ ನಡುವೆ ಹಗ್ಗ ಕಟ್ಟಿಸಿ, ಚಿತ್ರಗಳನ್ನು ಸಾಲಾಗಿ ತೂಗುಹಾಕಿದೆ. ಬಿಸಿಲಿಗೆ ಅಂಟು ಕಾದು, ತಾಲ್ಲೂಕಿನ ನೊಣಗಳೆಲ್ಲ ಕಲಾಭಿಮಾನಿಗಳಾದವು. ಕಾಲ ಕೆಳಗೆ ಗಂಜಲ, ಪಕ್ಕದಲ್ಲಿ ಒಣಮೀನು. ಆದರೂ ಜನ ಮೂಗು ಮುಚ್ಚಿಕೊಂಡು ನಿಂತರು, ಬರೆಯಲು ಬಾರದವರು ಹೇಳಿ ಬರೆಸಿದರು. ಒಳ್ಳೇ ಚೀಲ ಹಾಳುಮಾಡಿದ ಪಾಪ ಸುಮ್ಮನೆ ಹೋಗಲ್ಲ ಅಂತ ಒಬ್ಬರು. ಬಸ್ಸಿನಲ್ಲಿ ನಾನು ದಿನಾ ಕಾಣುವುದು ಇಷ್ಟೇ, ಬರೆದವನಿಗೆ ಹೇಗೆ ಗೊತ್ತಾಯಿತು ಅಂತ ಕಂಡಕ್ಟರೊಬ್ಬರು. ವಾಂತಿ ಬರುತ್ತದೆ, ಆದರೆ ಆ ಹಸಿರು ಯಾವ ಅಂಗಡಿಯದು ಅಂತ ಒಬ್ಬ ಸೀರೆ ವ್ಯಾಪಾರಿ. ಹನ್ನೊಂದು ಪುಟ ತುಂಬಿತು, ಬಹುಪಾಲು ಬೈಗುಳ.

ಮಧ್ಯಾಹ್ನ ಛತ್ರದ ಯಜಮಾನರು ಬಂದರು. ಹತ್ತು ಮಾರು ದೂರದಲ್ಲಿ, ವಲ್ಲಿ ಮೂಗಿಗೆ ಕಟ್ಟಿಕೊಂಡು ನಿಂತರು. ಮೇಷ್ಟ್ರು ಕೈ ಮುಗಿದು ಕ್ಷಮೆ ಕೇಳಿದರು. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ನಾನು ಅದ್ನ ಮುಟ್ಟಕಿಲ್ಲ. ನೀನೇ ಬರ್ಕೊ," ಎಂದು ನನಗೆ ಹೇಳಿದರು. "ಆ ಎರಡು ಕಣ್ಣೂ ಒಂದೇ ಪಕ್ಕ ಇರೋ ಎಂಗಸು, ಆ ಪಕ್ಕದಲ್ಲಿ ಏನ ನೋಡ್ತಾವ್ಳೆ? ನಿನ್ನೆಯಿಂದ ಅದೇ ಗ್ಯಾನ. ಊಟ ಸೇರ್ನಿಲ್ಲ."

ಬರೆದುಕೊಂಡೆ, ಒಂದಕ್ಷರ ಕೂಡಿಸದೆ.

ಚನ್ನರಾಯಪಟ್ಟಣದಲ್ಲಿ ಶಾಲೆಯ ಹಾಲ್ ಸಿಕ್ಕಿತು. ಕೊನೆಯ ದಿನ ಇನ್‌ಸ್ಪೆಕ್ಟರ್ ಸಾಹೇಬರು ಶ್ರವಣಬೆಳಗೊಳದ ಶಾಲೆ ನೋಡಿಕೊಂಡು, ಧೂಳು ಹಿಡಿದು ಬಂದರು. ಚಿತ್ರಗಳ ಕಡೆ ತಿರುಗದೆ ಪುಸ್ತಕ ಕೇಳಿದರು. ಒಂದನೇ ಪುಟದಿಂದ ಓದಿದರು. ಗೋತ್ರ ನಕ್ಷತ್ರಗಳಲ್ಲಿ ಹುಬ್ಬು ಗಂಟಿಕ್ಕಿತು. ನನ್ನ ಹದಿನಾಲ್ಕಕ್ಕೆ ಬಂದಾಗ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು. ಆಲೂಗಡ್ಡೆ ಒಳಗೆ ಬಿಳಿಯಾಗಿರುತ್ತದಲ್ಲ, ನಾನು ಹಾಗಾಗಿದ್ದೆ. ಅಜ್ಜಿಯ ಹೆಬ್ಬೆಟ್ಟಿನಿಂದ ಮುಂದೆ ಅವರು ನಿಧಾನವಾಗಿ ಓದಿದರು. ಅರಕಲಗೂಡಿನ ಕೆಲವು ಬೈಗುಳಗಳನ್ನು ಎರಡು ಸಲ ಓದಿದ್ದು ತುಟಿಯಲ್ಲೇ ಗೊತ್ತಾಗುತ್ತಿತ್ತು.

ಆಮೇಲೆ ಎದ್ದು ಕರವಸ್ತ್ರ ಮೂಗಿಗೆ ಹಿಡಿದು ಆ ಹೆಂಗಸಿನ ಚಿತ್ರದ ಮುಂದೆ ನಿಂತರು. ಸಿಡಿಮಿಡಿಗುಟ್ಟುತ್ತಾ ಹೊರಗೆ ಹೋದರು. ಜೀಪಿನ ಹತ್ತಿರ ಹೋದವರು ವಾಪಸು ಬಂದರು, ಅದೇ ಚಿತ್ರದ ಮುಂದೆ ನಿಂತರು, ಮತ್ತೆ ಹೋದರು. ಮೇಷ್ಟ್ರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಜೀಪು ಹೊರಟ ಸದ್ದಾಯಿತು. ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಸದ್ದು ನಿಂತಿತು. ಮೂರನೆಯ ಸಲ ಬಂದರು. ಈ ಸಲ ಕರವಸ್ತ್ರ ಇರಲಿಲ್ಲ. ಬಹಳ ಹೊತ್ತು ನೋಡಿ, ನಿಂತಲ್ಲೇ ಪುಸ್ತಕ ಕೇಳಿ, ಬರೆದು, ಮೇಷ್ಟ್ರ ಕೈಗೆ ಕೊಟ್ಟು ಹೊರಟುಹೋದರು.

'ಮೂರು ಸಲ ನೋಡಿದೆ. ಮೂರು ಸಲವೂ ಅಸಹ್ಯವಾಯಿತು. ಡ್ರಾಯಿಂಗ್ ತರಗತಿ ಮುಂದುವರಿಯಲಿ.' ಕೆಳಗೆ ಸಹಿ.

ಮೇಷ್ಟ್ರು ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಅಂಗಳದ ನಲ್ಲಿಯ ಹತ್ತಿರ ಹೋಗಿ, ನನ್ನ ಕಡೆ ಬೆನ್ನು ಮಾಡಿ ಮುಖ ತೊಳೆದುಕೊಂಡರು. ಎಷ್ಟು ಹೊತ್ತು ಅಂತ ಹೇಳಿದರೆ ನೀವು ನಂಬುವುದಿಲ್ಲ. ಅದಕ್ಕೇ ಹೇಳುವುದಿಲ್ಲ.